ಆರು ತಿಂಗಳ ಆನ್‌ಲೈನ್ ಎನ್‌ಟಿಟಿ ಕೋರ್ಸ್ ಸೇರಬಹುದಾ?

ಪ್ರಶ್ನೆ: ನನ್ನದು ಪಿಯುಸಿ (ಕಲಾ ವಿಭಾಗ) ಆಗಿದೆ. ಮಗಳು ಈ ವರ್ಷ ಒಂದನೇ ಕ್ಲಾಸಿಗೆ ಸೇರಿದಳು, ಇನ್ನು ನಾನೂ ಕೆಲಸಕ್ಕೆ ಹೋಗಬೇಕು ಅಂತಿದ್ದೇನೆ. ನಮ್ಮೂರಿನ ನರ್ಸರಿ ಶಾಲೆಯಲ್ಲಿ ಕೇಳಿದರೆ, ‘ಎನ್‌ಟಿಟಿ (ನರ್ಸರಿ ಟೀಚರ್ ಟ್ರೈನಿಂಗ್) ಸರ್ಟಿಫಿಕೇಟ್ ತನ್ನಿ, ತಿಂಗಳಿಗೆ 7,000 ಕೊಡ್ತೀವಿ’ ಎಂದರು. ಒಂದು ಸಂಸ್ಥೆಯ ಆರು ತಿಂಗಳ ಕೋರ್ಸ್ ಇದೆ, ಪೂರ್ತಿ ಆನ್‌ಲೈನ್, ಫೀಸು 28,000. ಜಾಹೀರಾತಿನಲ್ಲಿ ‘ಸರ್ಕಾರದಲ್ಲಿ ನೋಂದಾಯಿತ, ಐಎಸ್‌ಒ ಪ್ರಮಾಣಿತ, ಕೆಲಸ ಗ್ಯಾರಂಟಿ’ ಎಂದಿದೆ. ಇನ್ನೊಂದು ಕಡೆ ಒಂದು ವರ್ಷದ ಮಾಂಟೆಸ್ಸರಿ ಡಿಪ್ಲೊಮಾ ಇದೆ. ದಿನಾ ಹೋಗಬೇಕು, ಫೀಸೂ ಜಾಸ್ತಿ. ನಮ್ಮತ್ತೆ ಅಂಗನವಾಡಿ ಕಾರ್ಯಕರ್ತೆ. ‘ಮಕ್ಕಳ ಜೊತೆ ಇದ್ದರೆ ತಾನಾಗೇ ಬರುತ್ತೆ, ಅದಕ್ಕೆ ಕೋರ್ಸ್ ಯಾಕೆ’ ಅನ್ನುತ್ತಾರೆ. ಏನು ಮಾಡಲಿ?
— ಓದುಗರೊಬ್ಬರು, ಚನ್ನರಾಯಪಟ್ಟಣ

ಉತ್ತರ: ಮೊದಲು ದುಡ್ಡಿನ ಮಾತು. ಆ 28,000 ಕಟ್ಟಬೇಡಿ. ನಿಮಗೆ ಸಿಗುವ ಸಂಬಳದ ಲೆಕ್ಕದಲ್ಲಿ ಅದು ನಾಲ್ಕು ತಿಂಗಳ ದುಡಿಮೆ. ಕೋರ್ಸ್ ಆರೇ ತಿಂಗಳದ್ದು ಅಂತ ನಾನು ಬೇಡ ಎನ್ನುತ್ತಿಲ್ಲ. ಆರು ತಿಂಗಳಲ್ಲೂ ಬೇಕಾದಷ್ಟು ಕಲಿಸಬಹುದು. ಪೂರ್ತಿ ಆನ್‌ಲೈನ್ ಅನ್ನುವುದೇ ನನ್ನ ತಕರಾರು. ಒಂದೇ ಒಂದು ದಿನವೂ ನಿಮ್ಮನ್ನು ಮಕ್ಕಳ ಮುಂದೆ ನಿಲ್ಲಿಸದೆ, ನೀವು ಹೇಗೆ ಮಾತಾಡಿದಿರಿ ಅಂತ ಯಾರೂ ನೋಡದೆ ‘ತರಬೇತಿ ಪಡೆದ ಶಿಕ್ಷಕಿ’ ಅಂತ ಬರೆದು ಕೊಡುವ ಕಾಗದ ಅದು. ನರ್ಸಿಂಗ್ ಓದಿದವರನ್ನು ಆಸ್ಪತ್ರೆಯ ವಾರ್ಡಿಗೆ ಕಳಿಸದೆ ಪಾಸು ಮಾಡಿದರೆ ನಾವು ಸುಮ್ಮನಿರುತ್ತೇವಾ? ಮೂರು ವರ್ಷದ ಮಕ್ಕಳ ವಿಷಯದಲ್ಲಿ ಮಾತ್ರ ಯಾಕೋ ಸುಮ್ಮನಿದ್ದೇವೆ.

ಪೂರ್ವ ಪ್ರಾಥಮಿಕ ಶಿಕ್ಷಕಿಯರ ತರಬೇತಿ ಚೆನ್ನಾಗಿದೆಯೋ ಇಲ್ಲವೋ ಅಂತ ತಿಳಿಯಲು ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಕಲಿಯುವವಳು ನಿಜವಾದ ಮಕ್ಕಳ ಜೊತೆ ಎಷ್ಟು ಹೊತ್ತು ಕಳೆದಳು, ಆ ಹೊತ್ತಿನಲ್ಲಿ ಅನುಭವಿಯೊಬ್ಬರು ಪಕ್ಕದಲ್ಲಿ ಕೂತು ನೋಡಿ, ಆಮೇಲೆ ಅವಳ ಜೊತೆ ಮಾತಾಡಿದರಾ? ಸಿಲೆಬಸ್, ಕಟ್ಟಡ, ಸರ್ಟಿಫಿಕೇಟಿನ ಮೇಲಿನ ಮುದ್ರೆ ಎಲ್ಲ ಇದರ ನಂತರದ ಮಾತು.

ಯಾಕೆ ಅಂತ ಒಂದು ತರಗತಿಯ ಉದಾಹರಣೆ ಕೊಡುತ್ತೇನೆ. ತರಬೇತಿಯಲ್ಲಿದ್ದ ಒಬ್ಬ ಹುಡುಗಿ ನಾಲ್ಕು ವರ್ಷದ ಮಕ್ಕಳಿಗೆ ಬಾಯಾರಿದ ಕಾಗೆಯ ಕಥೆ ಹೇಳುತ್ತಿದ್ದಳು. ದನಿ ಚೆನ್ನಾಗಿತ್ತು. ರಟ್ಟಿನಲ್ಲಿ ಕಾಗೆ ಕತ್ತರಿಸಿ ತಂದಿದ್ದಳು. ‘ಕಾಗೆಗೆ ಏನಾಗಿತ್ತು?’ ಎಂದಳು. ಮಕ್ಕಳೆಲ್ಲ ಒಟ್ಟಿಗೆ ‘ಬಾಯಾರಿಕೆ!’ ಎಂದರು. ‘ವೆರಿ ಗುಡ್’ ಎಂದಳು. ಅಷ್ಟರಲ್ಲಿ ಹಿಂದಿನಿಂದ ಒಂದು ಮಗು, ‘ಮಿಸ್, ಕಾಗೆ ಯಾಕೆ ಹೂಜಿನ ಬೀಳಿಸ್ಲಿಲ್ಲ?’ ಎಂದು ಕೇಳಿತು. ‘ಆಮೇಲೆ ಹೇಳ್ತೀನಿ, ಕೂತ್ಕೋ ಪುಟ್ಟ’ ಅಂತ ಹೇಳಿ ಅವಳು ಕಥೆ ಮುಂದುವರಿಸಿದಳು. ಕಥೆ ಮುಗಿಯಿತು, ಚಪ್ಪಾಳೆ ಆಯಿತು. ಹೊರಗಿನಿಂದ ನೋಡಿದರೆ ಒಳ್ಳೆಯ ಪಾಠವೇ.

ಮೂಲೆಯಲ್ಲಿ ಕೂತಿದ್ದ ಹಿರಿಯ ಶಿಕ್ಷಕಿ ಆ ಮಗುವಿನ ಪ್ರಶ್ನೆಯನ್ನು ಬರೆದುಕೊಂಡಿದ್ದರು. ಮಕ್ಕಳು ಊಟಕ್ಕೆ ಹೋದ ಮೇಲೆ, ‘ಆ ಮಗು ಏನು ಕೇಳಿತು?’ ಎಂದು ವಿಚಾರಿಸಿದರು. ಹುಡುಗಿಗೆ ನೆನಪೇ ಇರಲಿಲ್ಲ. ಹಿರಿಯರು ತಪ್ಪು ಅನ್ನಲಿಲ್ಲ. ‘ಅದನ್ನೇ ನಾಳೆಯ ಪಾಠ ಮಾಡಿದರೆ ಹೇಗೆ?’ ಎಂದರು. ಮಾರನೇ ದಿನ ಅವಳು ಬಾಯಿ ಚಿಕ್ಕದಿರುವ ಒಂದು ಪ್ಲಾಸ್ಟಿಕ್ ಡಬ್ಬ, ನೀರು, ಕಲ್ಲು, ಮಣ್ಣಿನ ಹೆಂಟೆ, ಎಲೆ ಎಲ್ಲ ತಂದಳು. ಮಕ್ಕಳು ಒಂದೊಂದೇ ಹಾಕಿ ನೋಡಿದರು. ಎಲೆ ತೇಲಿತು. ಹೆಂಟೆ ಕರಗಿ ನೀರೆಲ್ಲ ಕೆಸರಾಯಿತು. ನೀರು ತಳದಲ್ಲಿ ಸ್ವಲ್ಪವೇ ಇದ್ದಾಗ ಎಷ್ಟು ಕಲ್ಲು ಹಾಕಿದರೂ ಮೇಲೆ ಬರಲಿಲ್ಲ, ಕಲ್ಲಿನ ಸಂದಿಯಲ್ಲೇ ಉಳಿಯಿತು. ‘ಹಾಗಾದ್ರೆ ಕಾಗೆ ಹೂಜಿಲಿ ಜಾಸ್ತಿ ನೀರಿತ್ತು!’ ಎಂದಿತು ಒಂದು ಮಗು. ಅಷ್ಟು ದಿನ ಬಾಯಿ ಬಿಡದಿದ್ದ ಇನ್ನೊಂದು ಮಗು ಕೆಸರಿನ ಬಗ್ಗೆ ಮಾತಾಡಿತು.

ಎರಡು ದಿನಕ್ಕೂ ಇರುವ ವ್ಯತ್ಯಾಸ ಹತ್ತು ನಿಮಿಷದ ಒಂದು ಮಾತುಕತೆ. ‘ಮಕ್ಕಳ ಪ್ರಶ್ನೆಗೆ ಬೆಲೆ ಕೊಡಬೇಕು’ ಅನ್ನುವ ಸಾಲು ಎಲ್ಲ ಕೋರ್ಸಿನ ನೋಟ್ಸಿನಲ್ಲೂ ಇರುತ್ತದೆ, ಆ ಹುಡುಗಿಯ ನೋಟ್ಸಿನಲ್ಲೂ ಇತ್ತು. ಆದರೆ ಇಪ್ಪತ್ತು ಮಕ್ಕಳು ಎದುರಿಗಿದ್ದಾಗ ಆ ಸಾಲು ಕೈಗೆ ಬರುವುದಿಲ್ಲ. ಯಾರಾದರೂ ನೋಡಿ, ಅದೇ ಕ್ಷಣವನ್ನು ಹಿಡಿದು ತೋರಿಸಬೇಕು. ವಿಡಿಯೋ ಪಾಠ ಅದನ್ನು ಮಾಡಲಾರದು. ಸಂಶೋಧನೆಯೂ ಇದನ್ನೇ ಹೇಳುತ್ತದೆ. ಶಿಕ್ಷಕರ ಜೊತೆ ಒಬ್ಬೊಬ್ಬರಾಗಿ ಕೂತು ತಿದ್ದುವ ಪದ್ಧತಿಯ ಬಗ್ಗೆ ನಡೆದ 60 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ಅಮೆರಿಕದ ಸಂಶೋಧಕರು 2018ರಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ಪಾಠ ಮಾಡುವ ರೀತಿ ಇದರಿಂದ ಚೆನ್ನಾಗಿಯೇ ಸುಧಾರಿಸಿತ್ತು, ಮಕ್ಕಳ ಕಲಿಕೆಯೂ ಸ್ವಲ್ಪ ಮಟ್ಟಿಗೆ ಏರಿತ್ತು. ಆದರೆ ಕಾರ್ಯಕ್ರಮ ದೊಡ್ಡದಾಗುತ್ತಾ ಹೋದಂತೆ ಪರಿಣಾಮ ಇಳಿದಿತ್ತು. ಸಾವಿರಾರು ಜನರಿಗೆ ಒಟ್ಟಿಗೆ ತರಬೇತಿ ಕೊಡುವವರು ಈ ಎರಡನೇ ಮಾತನ್ನು ನೆನಪಿಡಬೇಕು.

ಈಗ ನಿಮ್ಮತ್ತೆಯ ಮಾತು. ‘ಮಕ್ಕಳ ಜೊತೆ ಇದ್ದರೆ ತಾನಾಗೇ ಬರುತ್ತೆ.’ ಅವರ ಅನುಭವವನ್ನು ನಾನು ತುಂಬಾ ಗೌರವಿಸುತ್ತೇನೆ. ಅಳುತ್ತಾ ಬಂದ ಮಗುವನ್ನು ಸೊಂಟಕ್ಕೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ತೂಕದ ಪುಸ್ತಕ ಹಿಡಿದು, ಸಹಾಯಕಿಗೆ ಬೇಳೆ ಅಳತೆ ಹೇಳುವ ಹೆಂಗಸಿಗೆ ಇರುವ ತಿಳಿವಳಿಕೆ ಯಾವ ಕೋರ್ಸಿನಲ್ಲೂ ಸಿಗುವುದಿಲ್ಲ. ಆದರೆ ಅನುಭವ ಒಂದನ್ನೇ ನಂಬಿದರೆ ತೊಂದರೆ ಇದೆ. ನಮ್ಮನ್ನು ಚಿಕ್ಕಂದಿನಲ್ಲಿ ಹೇಗೆ ಕೂರಿಸಿ ಬರೆಸಿದರೋ ಹಾಗೇ ನಾವೂ ಬರೆಸುತ್ತೇವೆ. ಅದು ಸರಿಯೋ ತಪ್ಪೋ ಅಂತ ಅನುಭವ ತಾನಾಗಿ ಹೇಳುವುದಿಲ್ಲ.

ಬರವಣಿಗೆಯನ್ನೇ ನೋಡಿ. ಮೂರು ವರ್ಷದ ಮಗುವಿನ ಕೈಗೆ ಬಳಪ ಕೊಟ್ಟು ‘ಅ’ ತಿದ್ದಿಸುವುದು ನಮ್ಮಲ್ಲಿ ಮಾಮೂಲು. ದೊಡ್ಡವರ ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಮೂರು ವರ್ಷದ ಮಗುವಿನಲ್ಲಿ ಅವುಗಳಲ್ಲಿ ಹೆಚ್ಚಿನವು ಇನ್ನೂ ಮೂಳೆಯಾಗಿರುವುದಿಲ್ಲ, ಮೃದ್ವಸ್ಥಿಯಾಗಿರುತ್ತವೆ. ಬೆರಳಿನ ಹಿಡಿತ ಬಲಿಯಲು ಬೇಕಾಗಿರುವುದು ಚಪಾತಿ ಹಿಟ್ಟು ನಾದುವುದು, ರಂಗೋಲಿ ಪುಡಿಯನ್ನು ಎರಡು ಬೆರಳಿನಲ್ಲಿ ಚಿವುಟಿ ಬಿಡುವುದು, ಅವರೆಕಾಯಿ ಸುಲಿಯುವುದು, ಮಣಿ ಪೋಣಿಸುವುದು. ಇದೆಲ್ಲ ಆಟ ಅನ್ನಿಸುತ್ತದೆ. ಅಪ್ಪ ಅಮ್ಮ ಬಂದು ‘ಇನ್ನೂ ಬರೆಸಲು ಶುರು ಮಾಡಿಲ್ವಾ?’ ಎಂದು ಕೇಳುತ್ತಾರೆ. ಕಾರಣ ಗೊತ್ತಿರುವ ಶಿಕ್ಷಕಿ ಅವರಿಗೆ ಬಿಡಿಸಿ ಹೇಳುತ್ತಾಳೆ. ಕಾರಣ ಗೊತ್ತಿಲ್ಲದವಳು ಹೆದರಿ ಮರುದಿನವೇ ನಾಲ್ಕು ಗೆರೆ ಪುಸ್ತಕ ಹಂಚುತ್ತಾಳೆ. ಒಳ್ಳೆಯ ತರಬೇತಿ ಕೊಡುವುದು ಈ ಧೈರ್ಯವನ್ನು. ಏನು ಮಾಡಬೇಕು ಅನ್ನುವುದರ ಜೊತೆಗೆ ಯಾಕೆ ಅನ್ನುವುದೂ ಗೊತ್ತಿದ್ದರೆ ಮಾತ್ರ ಅದು ಬರುತ್ತದೆ.

ನಿಮ್ಮತ್ತೆಗೆ ಸಿಕ್ಕ ತರಬೇತಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಅಂಗನವಾಡಿ ಯೋಜನೆ ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು, ಮೊದಲಿಗೆ 33 ಕಡೆ. ನಮ್ಮ ರಾಜ್ಯದಲ್ಲಿ ಆಗ ಆರಿಸಿದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು. ಇಂದು ದೇಶದಲ್ಲಿ ಸುಮಾರು 14 ಲಕ್ಷ ಅಂಗನವಾಡಿಗಳಿವೆ. ಕಾರ್ಯಕರ್ತೆಯರಿಗೆ ಕೆಲಸಕ್ಕೆ ಸೇರಿದ ಮೇಲೆ ಕೊಡುತ್ತಾ ಬಂದ ಮೂಲ ತರಬೇತಿ 26 ದಿನದ್ದು. ಪೌಷ್ಟಿಕ ಆಹಾರ, ಲಸಿಕೆ, ಗರ್ಭಿಣಿಯರ ಆರೈಕೆ, ಮನೆ ಭೇಟಿ, ದಾಖಲೆ ಪುಸ್ತಕ ಎಲ್ಲ ಅದರಲ್ಲೇ ಬರಬೇಕು. ಮೂರರಿಂದ ಆರು ವರ್ಷದ ಮಕ್ಕಳಿಗೆ ಕಲಿಸುವುದು ಹೇಗೆ ಅನ್ನುವುದಕ್ಕೆ ಉಳಿಯುವ ಹೊತ್ತು ಎಷ್ಟು ಅಂತ ನೀವೇ ಊಹಿಸಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಇದನ್ನು ಒಪ್ಪಿಕೊಂಡಿತು. ಪಿಯುಸಿ ಅಥವಾ ಅದಕ್ಕಿಂತ ಹೆಚ್ಚು ಓದಿದ ಕಾರ್ಯಕರ್ತೆಯರಿಗೆ 6 ತಿಂಗಳ ಸರ್ಟಿಫಿಕೇಟ್ ಕೋರ್ಸ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಕೊಡಬೇಕು ಎಂದಿತು. ಪಾಠ ಮೊಬೈಲ್ ಮತ್ತು ಟಿವಿ ಮೂಲಕ, ತಿಂಗಳಿಗೆ ಒಮ್ಮೆಯಾದರೂ ಮುಖಾಮುಖಿ ತರಗತಿ, ಕ್ಲಸ್ಟರ್ ಸಂಪನ್ಮೂಲ ಕೇಂದ್ರದವರ ಮಾರ್ಗದರ್ಶನ ಎಂದು ಬರೆಯಿತು. ಆಮೇಲೆ 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ‘ಪೋಷಣ್ ಭಿ, ಪಢಾಯಿ ಭಿ’ (ಪೋಷಣೆಯೂ, ಓದೂ) ಎಂಬ ಕಾರ್ಯಕ್ರಮ ಶುರು ಮಾಡಿತು. ಮೊದಲು ಮಾಸ್ಟರ್ ಟ್ರೈನರ್‌ಗಳಿಗೆ ತರಬೇತಿ, ಅವರಿಂದ ಕಾರ್ಯಕರ್ತೆಯರಿಗೆ ಮೂರು ದಿನದ ತರಬೇತಿ. 2024ರಲ್ಲಿ ಹುಟ್ಟಿನಿಂದ ಮೂರು ವರ್ಷದವರೆಗೆ ‘ನವಚೇತನಾ’, ಮೂರರಿಂದ ಆರಕ್ಕೆ ‘ಆಧಾರಶಿಲಾ’ ಎಂಬ ಪಠ್ಯಕ್ರಮಗಳೂ ಬಂದವು. ಪಠ್ಯಕ್ರಮ ಚೆನ್ನಾಗಿದೆ. ಆಟ, ಮಾತು, ಮನೆಯಲ್ಲೇ ಸಿಗುವ ಸಾಮಾನು ಇವುಗಳಿಗೆ ಒತ್ತು ಇದೆ. ಆದರೆ ಮೂರು ದಿನದ ತರಬೇತಿ ಏನನ್ನು ಮಾಡಬಲ್ಲದೋ ಅಷ್ಟನ್ನೇ ಮಾಡುತ್ತದೆ. ಹೊಸ ವಿಚಾರ ತಿಳಿಸುತ್ತದೆ, ಹುಮ್ಮಸ್ಸು ತುಂಬುತ್ತದೆ. ಕೈ ಪಳಗಬೇಕಾದರೆ ನಾಲ್ಕನೇ ದಿನದಿಂದ ಯಾರಾದರೂ ಅಂಗನವಾಡಿಗೇ ಬರಬೇಕು. ಬರಬೇಕಾದವರು ಮೇಲ್ವಿಚಾರಕಿ. ಅವರ ಕೈಕೆಳಗೆ ಹತ್ತಾರು ಕೇಂದ್ರಗಳು. ಬಂದಾಗ ದಾಖಲೆ ಮತ್ತು ಆಹಾರದ ದಾಸ್ತಾನು ನೋಡುವುದರಲ್ಲೇ ಹೊತ್ತು ಹೋಗುತ್ತದೆ.

ಅಂಗನವಾಡಿಯ ತರಬೇತಿಗಳಲ್ಲಿ ನನ್ನನ್ನು ತುಂಬಾ ಕಾಡುವ ಕೊರತೆ ಎರಡು. ಮೊದಲನೆಯದು, ಒಂದೇ ಕೋಣೆಯಲ್ಲಿ ಮೂರು, ನಾಲ್ಕು, ಐದು ವರ್ಷದ ಮಕ್ಕಳು ಒಟ್ಟಿಗೆ ಇರುತ್ತಾರೆ. ತರಬೇತಿಯಲ್ಲಿ ತೋರಿಸುವ ಚಟುವಟಿಕೆಗಳೋ, ಎಲ್ಲರೂ ಒಂದೇ ವಯಸ್ಸಿನವರು ಅನ್ನುವ ಹಾಗಿರುತ್ತವೆ. ಐದು ವರ್ಷದವರು ಬೀಜ ಎಣಿಸಿ ಗುಂಪು ಮಾಡುವಾಗ ಮೂರು ವರ್ಷದವನು ಅದನ್ನೇ ಬಾಯಿಗೆ ಹಾಕಿಕೊಳ್ಳುತ್ತಾನೆ. ಅದೇ ಬೀಜವನ್ನು ದೊಡ್ಡವರಿಗೆ ಲೆಕ್ಕಕ್ಕೆ, ನಡುವಿನವರಿಗೆ ಬಣ್ಣದ ಪ್ರಕಾರ ಬೇರೆ ಮಾಡಲು ಕೊಟ್ಟು, ಚಿಕ್ಕವರಿಗೆ ಮಾತ್ರ ಬೀಜದ ಬದಲು ದೊಡ್ಡ ಮುಚ್ಚಳಗಳನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹಾಕಲು ಕೊಡುವುದನ್ನು ಯಾರಾದರೂ ಆ ಕೋಣೆಯಲ್ಲೇ ಮಾಡಿ ತೋರಿಸಬೇಕು. ನೂರು ಜನ ಕುರ್ಚಿಯಲ್ಲಿ ಕೂತ ಸಭಾಭವನದಲ್ಲಿ ಇದನ್ನು ಕಲಿಸಲಾಗದು.

ಎರಡನೆಯದು ಮನೆಮಾತು. ತಾಂಡಾದಿಂದ ಬರುವ ಮಗು ಲಂಬಾಣಿ ಮಾತಾಡುತ್ತದೆ. ಮಂಗಳೂರಿನ ಕಡೆ ತುಳು, ಬ್ಯಾರಿ, ಕೊಂಕಣಿ. ಕೋಲಾರದಲ್ಲಿ ತೆಲುಗು. ಎಷ್ಟೋ ಊರುಗಳಲ್ಲಿ ಉರ್ದು. ಬೆಂಗಳೂರಿನ ಕಟ್ಟಡ ಕೆಲಸಗಾರರ ಮಕ್ಕಳಾದರೆ ಒಡಿಯಾ, ಬಂಗಾಳಿಯೂ ಇರಬಹುದು. ಈ ಮಗು ಕನ್ನಡ ಅಂಗನವಾಡಿಯಲ್ಲಿ ಮೊದಲ ಕೆಲವು ತಿಂಗಳು ಬಾಯಿಯೇ ಬಿಡದಿದ್ದರೆ ಅದು ಸಹಜ. ಕೇಳಿಸಿಕೊಂಡು ಒಳಗೇ ಕಟ್ಟಿಕೊಳ್ಳುತ್ತಿರುತ್ತದೆ. ಇದು ಗೊತ್ತಿಲ್ಲದ ಶಿಕ್ಷಕಿ ‘ಈ ಮಗು ಮಂದ’ ಎಂದು ತೀರ್ಮಾನ ಮಾಡಿಬಿಡುತ್ತಾಳೆ. ನೀರು, ಹಸಿವು, ಅಮ್ಮ, ನೋವು, ಶೌಚ ಇಂಥ ಹತ್ತು ಮಾತುಗಳನ್ನು ಆ ಮಗುವಿನ ಭಾಷೆಯಲ್ಲಿ ಶಿಕ್ಷಕಿ ಕಲಿತುಕೊಂಡರೆ ಮಗು ಬೇಗ ಹತ್ತಿರ ಬರುತ್ತದೆ. ನಿಮ್ಮ ಕೋರ್ಸಿನಲ್ಲಿ ಇದನ್ನು ಹೇಳಿಕೊಡುತ್ತಾರಾ ಅಂತ ಕೇಳಿ ನೋಡಿ.

ನಗರದ ಖಾಸಗಿ ಎನ್‌ಟಿಟಿ ಕೋರ್ಸುಗಳಲ್ಲಿ ಇದೇ ತೊಂದರೆ ಇನ್ನೊಂದು ರೂಪದಲ್ಲಿದೆ. ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿಸುತ್ತಾರೆ. ಕಲಿಯುವವರು ರೈಮ್ಸ್ ಬಾಯಿಪಾಠ ಮಾಡುತ್ತಾರೆ, ‘ಸಿಟ್ ಡೌನ್, ಫಿಂಗರ್ ಆನ್ ಯುವರ್ ಲಿಪ್ಸ್’ ಕಲಿಯುತ್ತಾರೆ. ಮಗು ಅಜ್ಜಿ ಮನೆಯ ಹಸು ಕರು ಹಾಕಿದ ಕಥೆ ಹೇಳಲು ಬಂದರೆ ಅದಕ್ಕೆ ಉತ್ತರ ಕೊಡುವಷ್ಟು ಇಂಗ್ಲಿಷ್ ಶಿಕ್ಷಕಿಗೂ ಇಲ್ಲ, ಮಗುವಿಗೂ ಇಲ್ಲ. ಕನ್ನಡದಲ್ಲಿ ಮಾತಾಡಬಾರದು ಅಂತ ಶಾಲೆಯ ನಿಯಮ. ಹಾಗಾಗಿ ಇಬ್ಬರೂ ಸುಮ್ಮನಾಗುತ್ತಾರೆ. ಮಗುವಿನ ಭಾಷೆ ಬೆಳೆಯುವುದು ತಾನು ಹೇಳಿದ್ದಕ್ಕೆ ದೊಡ್ಡವರು ಒಂದು ಮಾತು ಸೇರಿಸಿ ಮರಳಿ ಕೊಟ್ಟಾಗ. ‘ಕರು ಬಿಳಿ ಇತ್ತಾ? ಎದ್ದು ನಿಂತಿತಾ?’ ಎಂದು ಕೇಳುವ ಶಿಕ್ಷಕಿಯೇ ನಿಜವಾಗಿ ಭಾಷೆ ಕಲಿಸುತ್ತಿರುತ್ತಾಳೆ. ನೀವು ಕನ್ನಡದಲ್ಲಿ ಚೆನ್ನಾಗಿ ಮಾತಾಡುತ್ತೀರಿ ಅಂತ ನಿಮ್ಮ ಪತ್ರ ನೋಡಿದರೇ ಗೊತ್ತಾಗುತ್ತದೆ. ಅದು ಈ ಕೆಲಸದಲ್ಲಿ ನಿಮ್ಮ ದೊಡ್ಡ ಬಲ. ಅದನ್ನು ಮುಚ್ಚಿಡಿ ಅನ್ನುವ ಕೋರ್ಸ್ ಬೇಡ.

ತರಬೇತಿ ಒಂದೇ ಎಲ್ಲವನ್ನೂ ಸರಿ ಮಾಡುತ್ತದೆ ಅಂತ ನಾನು ಹೇಳುವುದಿಲ್ಲ. ತಮಿಳುನಾಡಿನಲ್ಲಿ 320 ಅಂಗನವಾಡಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಕೇಂದ್ರಗಳಿಗೆ ಪಾಠ ಹೇಳಲೆಂದೇ ಅರ್ಧ ದಿನದ ಒಬ್ಬ ಹೆಚ್ಚುವರಿ ಕೆಲಸಗಾರ್ತಿಯನ್ನು ಕೊಟ್ಟರು. ಅವರಿಗೆ ದೊಡ್ಡ ಡಿಪ್ಲೊಮಾ ಏನೂ ಇರಲಿಲ್ಲ, ಸಿಕ್ಕ ತರಬೇತಿಯೂ ಚಿಕ್ಕದೇ. ಆದರೂ ಮಕ್ಕಳಿಗೆ ಪಾಠದ ಹೊತ್ತು ದುಪ್ಪಟ್ಟಾಯಿತು, ಲೆಕ್ಕದಲ್ಲೂ ಭಾಷೆಯಲ್ಲೂ ಮಕ್ಕಳು ಮುಂದೆ ಬಂದರು. ಹಳೆಯ ಕಾರ್ಯಕರ್ತೆಗೆ ಆರೋಗ್ಯದ ಕೆಲಸಕ್ಕೆ ಬಿಡುವು ಸಿಕ್ಕಿದ್ದರಿಂದ ಮಕ್ಕಳ ಬೆಳವಣಿಗೆಯೂ ಸುಧಾರಿಸಿತು. ನಿಮ್ಮತ್ತೆಗೆ ಇದನ್ನು ಓದಿ ಹೇಳಿ, ತಲೆದೂಗುತ್ತಾರೆ. ಮೊಬೈಲ್‌ನಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪಿಗೆ ದಾಖಲೆ ತುಂಬುತ್ತಾ, ಸಮೀಕ್ಷೆಗೆ ಓಡಾಡುತ್ತಾ, ಉಳಿದ ಹೊತ್ತಲ್ಲಿ ಪಾಠ ಮಾಡು ಎಂದರೆ ಯಾವ ತರಬೇತಿಯೂ ಫಲ ಕೊಡದು. ಅದೂ ಎಂಥ ಗೌರವಧನಕ್ಕೆ? ಕೇಂದ್ರ ಸರ್ಕಾರ ನಿಗದಿ ಮಾಡಿದ ಗೌರವಧನ 2018ರಲ್ಲಿ ತಿಂಗಳಿಗೆ 4,500ಕ್ಕೆ ಏರಿದ್ದೇ ದೊಡ್ಡ ಸುದ್ದಿಯಾಗಿತ್ತು. ಮಿಕ್ಕಿದ್ದನ್ನು ರಾಜ್ಯ ಸೇರಿಸುತ್ತದೆ. ಇದನ್ನು ಬದಿಗಿಟ್ಟು ಗುಣಮಟ್ಟದ ಬಗ್ಗೆ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಜಾಹೀರಾತಿನ ಮಾತುಗಳನ್ನು ಮೊದಲು ನೋಡೋಣ. ‘ಸರ್ಕಾರದಲ್ಲಿ ನೋಂದಾಯಿತ’ ಅಂದರೆ ಸಾಮಾನ್ಯವಾಗಿ ಆ ಸಂಸ್ಥೆ ಒಂದು ಟ್ರಸ್ಟ್, ಸೊಸೈಟಿ ಅಥವಾ ಕಂಪನಿಯಾಗಿ ನೋಂದಣಿಯಾಗಿದೆ ಎಂದಷ್ಟೇ. ಕೋರ್ಸಿಗೆ ಮಾನ್ಯತೆ ಇದೆ ಎಂದಲ್ಲ. ಐಎಸ್‌ಒ 9001 ಕಚೇರಿಯ ಕೆಲಸದ ವ್ಯವಸ್ಥೆಗೆ ಸಿಗುವ ಪ್ರಮಾಣಪತ್ರ, ಪಾಠದ ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಶಿಕ್ಷಕರ ತರಬೇತಿಗೆ ದೇಶದಲ್ಲಿ ಮಾನ್ಯತೆ ಕೊಡುವ ಸಂಸ್ಥೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ. ಪೂರ್ವ ಪ್ರಾಥಮಿಕಕ್ಕೆ ಅದರ 2014ರ ನಿಯಮದಲ್ಲಿ ಇರುವುದು ಎರಡು ವರ್ಷದ ಡಿಪ್ಲೊಮಾ, ಡಿಪಿಎಸ್‌ಇ. ಪಿಯುಸಿಯಲ್ಲಿ ಶೇ. 50 ಅಂಕ ಬೇಕು. ಆರು ತಿಂಗಳ ಎನ್‌ಟಿಟಿಗೆ ಎನ್‌ಸಿಟಿಇ ಮಾನ್ಯತೆ ಇದೆ ಎಂದು ಯಾರಾದರೂ ಹೇಳಿದರೆ ಮಾನ್ಯತೆಯ ಆದೇಶದ ಪ್ರತಿ ಕೊಡಿ ಅನ್ನಿ, ಎನ್‌ಸಿಟಿಇ ವೆಬ್‌ಸೈಟಿನ ಪಟ್ಟಿಯಲ್ಲಿ ಸಂಸ್ಥೆಯ ಹೆಸರು ಹುಡುಕಿ. ‘ಕೆಲಸ ಗ್ಯಾರಂಟಿ’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸರ್ಟಿಫಿಕೇಟ್ ಇದ್ದರೆ ನಿಮ್ಮೂರಿನ ಶಾಲೆಯೇ ನಿಮ್ಮನ್ನು ತೆಗೆದುಕೊಳ್ಳಲು ಸಿದ್ಧವಿದೆ, ಆ ಗ್ಯಾರಂಟಿಗೆ ನೀವು ದುಡ್ಡು ಕೊಡುವುದು ಯಾಕೆ?

ಡಿಪಿಎಸ್‌ಇ ಎಲ್ಲ ತಾಲ್ಲೂಕಿನಲ್ಲೂ ಸಿಗುವ ಕೋರ್ಸ್ ಅಲ್ಲ. ಸಿಕ್ಕರೂ ಸಂಸಾರ ನೋಡಿಕೊಂಡು ಎರಡು ವರ್ಷ ದಿನಾ ಹೋಗುವುದು ನಿಮಗೆ ಕಷ್ಟವಾಗಬಹುದು. ಆಗ ಇಗ್ನೋ ವಿಶ್ವವಿದ್ಯಾಲಯದ ದೂರ ಶಿಕ್ಷಣದ ಡಿಪ್ಲೊಮಾ ನೋಡಿ. ಹೆಸರು ಡಿಇಸಿಇ. ಪಿಯುಸಿ ಆದವರು ಸೇರಬಹುದು, ಕನಿಷ್ಠ ಒಂದು ವರ್ಷ. ಪುಸ್ತಕಗಳು ತುಂಬಾ ಚೆನ್ನಾಗಿವೆ. ಮಗುವಿನ ಬೆಳವಣಿಗೆ, ಆಹಾರ, ಆರೋಗ್ಯ, ವಿಶೇಷ ಅಗತ್ಯವಿರುವ ಮಕ್ಕಳು ಎಲ್ಲ ಸರಿಯಾಗಿ ಬರುತ್ತದೆ. ಪ್ರಾಜೆಕ್ಟ್ ಕೆಲಸ ಮಾಡಲೇಬೇಕು. ದೂರ ಶಿಕ್ಷಣ ಆದ್ದರಿಂದ ಪಕ್ಕದಲ್ಲಿ ಕೂತು ತಿದ್ದುವವರು ಸಿಗುವುದಿಲ್ಲ, ಆ ಕೊರತೆ ತುಂಬಿಕೊಳ್ಳಬೇಕು. ಅದಕ್ಕೆ ನಿಮ್ಮ ಮನೆಯಲ್ಲೇ ಒಬ್ಬರಿದ್ದಾರಲ್ಲ. ವಾರಕ್ಕೆರಡು ಬೆಳಿಗ್ಗೆ ಅತ್ತೆಯ ಅಂಗನವಾಡಿಯಲ್ಲಿ ಕೂರಲು ಅನುಮತಿ ಕೇಳಿ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಒಂದೇ ಮಗುವನ್ನು ಇಪ್ಪತ್ತು ನಿಮಿಷ ನೋಡಿ. ಕಂಡದ್ದನ್ನು ಮಾತ್ರ ಬರೆಯಿರಿ. ‘ಹಟಮಾರಿ’ ಎಂದು ಬರೆಯಬೇಡಿ. ‘ಕೆಂಪು ಲಾರಿ ಬೇಕು ಅಂದ, ಸಿಗಲಿಲ್ಲ, ಬಾಗಿಲ ಹತ್ತಿರ ಹೋಗಿ ನಿಂತ, ಸ್ವಲ್ಪ ಹೊತ್ತಿಗೆ ತಾನೇ ಬಂದು ಮರಳಿನ ಹತ್ತಿರ ಕೂತ’ ಎಂದು ಬರೆಯಿರಿ. ಮಕ್ಕಳನ್ನು ಗಮನಿಸುವುದು ಅಂದರೆ ಇದೇ. ಸಂಜೆ ಅದನ್ನು ಅತ್ತೆಗೆ ಓದಿ ಹೇಳಿ, ಅವರಿಗೆ ಏನನ್ನಿಸಿತು ಕೇಳಿ. ಅವರ ಅನುಭವ, ನಿಮ್ಮ ಓದು ಸೇರಿದರೆ ಇಬ್ಬರಿಗೂ ಲಾಭ.

ಮಾಂಟೆಸ್ಸರಿ ಡಿಪ್ಲೊಮಾ ವಿಷಯ ಸ್ವಲ್ಪ ಜಾಗ್ರತೆಯಿಂದ ನೋಡಬೇಕು. ಮಕ್ಕಳು ಸಾಮಾನುಗಳನ್ನು ಕೈಯಲ್ಲಿ ಹಿಡಿದು ತಾವೇ ಕಲಿಯುವ ಈ ಪದ್ಧತಿಗೂ ನಮ್ಮ ದೇಶಕ್ಕೂ ಹಳೆಯ ನಂಟು. ಅದನ್ನು ರೂಪಿಸಿದ ಇಟಲಿಯ ಮರಿಯಾ ಮಾಂಟೆಸ್ಸರಿ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದರು. ಎರಡನೇ ಮಹಾಯುದ್ಧ ಶುರುವಾಗಿದ್ದರಿಂದ ಇಲ್ಲೇ ಉಳಿದು ವರ್ಷಗಟ್ಟಲೆ ತರಬೇತಿ ಕೊಟ್ಟರು. ಬೆಂಗಳೂರಿನಲ್ಲಿ ಇಂದಿಗೂ ಇಂಡಿಯನ್ ಮಾಂಟೆಸ್ಸರಿ ಸೆಂಟರ್ ಇದೆ. ಆದರೆ ‘ಮಾಂಟೆಸ್ಸರಿ’ ಅನ್ನುವ ಹೆಸರಿನ ಮೇಲೆ ಯಾರಿಗೂ ಹಕ್ಕಿಲ್ಲ. ಯಾರು ಬೇಕಾದರೂ ಬೋರ್ಡು ಹಾಕಬಹುದು, ಹಾಕಿದ್ದಾರೆ ಕೂಡ. ಹಾಗಾಗಿ ಹೋಗಿ ಕಣ್ಣಾರೆ ನೋಡಿ. ಗುಲಾಬಿ ಬಣ್ಣದ ಮರದ ಘನಗಳ ಗೋಪುರ ಇರುತ್ತದೆ, 1 ಸೆಂಟಿಮೀಟರಿನಿಂದ 10 ಸೆಂಟಿಮೀಟರಿನವರೆಗೆ ಒಟ್ಟು 10 ಘನಗಳು. ಅವೆಲ್ಲ ಅಂಚು ಸವೆದಿವೆಯಾ, ಗಾಜಿನ ಬೀರುವಿನಲ್ಲಿ ಹೊಳೆಯುತ್ತಿವೆಯಾ ಗಮನಿಸಿ. ಸವೆದಿದ್ದರೆ ಒಳ್ಳೆಯದು. ಕಲಿಯುವವರು ಪ್ರತಿ ಸಾಮಾನನ್ನೂ ಕೈಯಲ್ಲಿ ಹಿಡಿದು, ಚಾಪೆಯ ಮೇಲೆ ಒಂದೊಂದೇ ತಂದಿಟ್ಟು, ಮತ್ತೆ ಮತ್ತೆ ಅಭ್ಯಾಸ ಮಾಡಬೇಕು. ಆ ಪಾಠಗಳನ್ನು ತಾವೇ ಬರೆದು ಚಿತ್ರ ಹಾಕಿ ಆಲ್ಬಮ್ ಮಾಡಬೇಕು. ಹಿಂದಿನ ವರ್ಷದವರ ಆಲ್ಬಮ್ ತೋರಿಸಿ ಅಂತ ಕೇಳಿ. ಎಲ್ಲರದ್ದೂ ಒಂದೇ ಥರ ಜೆರಾಕ್ಸ್ ಆಗಿದ್ದರೆ ವಾಪಸ್ ಬನ್ನಿ.

ಯಾವ ಸಂಸ್ಥೆಯೇ ಆಗಲಿ, ಕಟ್ಟುವ ಮುಂಚೆ ಒಂದು ದಿನ ಪಾಠದಲ್ಲಿ ಕೂರಲು ಬಿಡಿ ಅನ್ನಿ. ಅಭ್ಯಾಸಕ್ಕೆ ಯಾವ ಶಾಲೆಗೆ ಕಳಿಸುತ್ತೀರಿ, ಎಷ್ಟು ವಾರ, ಅಲ್ಲಿ ನಮ್ಮ ಪಾಠ ನೋಡಲು ಯಾರು ಬರುತ್ತಾರೆ, ಎಷ್ಟು ಸಲ ಬರುತ್ತಾರೆ ಅಂತ ಬಿಡಿಸಿ ಕೇಳಿ. ಪಾಠ ಹೇಳುವವರು ಸ್ವತಃ ಚಿಕ್ಕ ಮಕ್ಕಳ ತರಗತಿಯಲ್ಲಿ ವರ್ಷಗಟ್ಟಲೆ ಇದ್ದವರಾ? ಹೋದ ವರ್ಷ ಕಲಿತ ಇಬ್ಬರ ಫೋನ್ ನಂಬರ್ ಕೊಡುತ್ತಾರಾ? ಅವರಿಗೆ ಫೋನ್ ಮಾಡಿ, ‘ನಿಮ್ಮ ಪಾಠವನ್ನು ಯಾರಾದರೂ ನೋಡಿ ಏನಾದರೂ ಹೇಳಿದ್ದು ನೆನಪಿದೆಯಾ?’ ಅಂತ ಕೇಳಿ. ಚೆನ್ನಾಗಿ ಕಲಿತವರು ಕೂಡಲೇ ಒಂದು ಘಟನೆ ಹೇಳುತ್ತಾರೆ.

ಪ್ರಥಮ ಚಿಕಿತ್ಸೆ, ಗಂಟಲಲ್ಲಿ ಕಡಲೆ ಸಿಕ್ಕಿಕೊಂಡಾಗ ಏನು ಮಾಡಬೇಕು, ಜ್ವರದ ಫಿಟ್ಸ್, ಪೋಕ್ಸೊ ಕಾಯ್ದೆ ಇವಿಷ್ಟು ಕೋರ್ಸಿನಲ್ಲಿ ಇರಲೇಬೇಕು. ಹೆಸರು ಕರೆದರೆ ತಿರುಗದ ಮಗು, ಕಣ್ಣು ಕೊಟ್ಟು ನೋಡದ ಮಗು, ಮೂರು ವರ್ಷವಾದರೂ ಎರಡು ಮಾತು ಜೋಡಿಸದ ಮಗು ಕಂಡರೆ ಏನು ಮಾಡಬೇಕು ಅನ್ನುವುದೂ ಇರಬೇಕು. ಕಾಯಿಲೆಯ ಹೆಸರು ಹೇಳುವುದು ಶಿಕ್ಷಕಿಯ ಕೆಲಸವಲ್ಲ. ಗಮನಿಸಿದ್ದನ್ನು ತಾಯಿಗೆ ಮೆತ್ತಗೆ ಹೇಳಿ, ಜಿಲ್ಲಾ ಆಸ್ಪತ್ರೆಗೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ದಾರಿ ತೋರಿಸಬೇಕು. ಒಂದು ವರ್ಷ ಬೇಗ ಗೊತ್ತಾದರೂ ಆ ಮಗುವಿನ ಬದುಕಿನಲ್ಲಿ ತುಂಬಾ ವ್ಯತ್ಯಾಸವಾಗುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಇಗ್ನೋ ಡಿಪ್ಲೊಮಾಗೆ ಅರ್ಜಿ ಹಾಕಿ, ಅತ್ತೆಯ ಅಂಗನವಾಡಿಯಲ್ಲಿ ಗಮನಿಸಲು ಶುರು ಮಾಡುತ್ತಿದ್ದೆ. ಮಾಂಟೆಸ್ಸರಿ ಕೇಂದ್ರ ನೋಡಿ ಬಂದ ಮೇಲೆ ನಿಜಕ್ಕೂ ಚೆನ್ನಾಗಿದೆ ಅನ್ನಿಸಿದರೆ, ಫೀಸು ಕಂತಿನಲ್ಲಿ ಕಟ್ಟಲು ಒಪ್ಪಿದರೆ, ಅದಕ್ಕೇ ಸೇರಿ. ಸರ್ಕಾರಿ ಕೆಲಸದ ಆಸೆ ಇದ್ದರೆ ಮಾತ್ರ ಮೊದಲು ಅರ್ಹತೆ ನೋಡಿಕೊಳ್ಳಿ. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ನಡೆಯುತ್ತಿವೆ. 2024ರಿಂದ ಕೆಲವು ಅಂಗನವಾಡಿಗಳಲ್ಲೂ ಶುರುವಾಗಿವೆ. ಯಾವ ಕೋರ್ಸ್ ಆಗಿರಬೇಕು ಅಂತ ನೇಮಕಾತಿಯ ಅಧಿಸೂಚನೆಯಲ್ಲೇ ಬರೆದಿರುತ್ತದೆ. ಅದನ್ನು ಓದದೆ ಯಾವ ಸಂಸ್ಥೆಯವರ ಮಾತನ್ನೂ ನಂಬಬೇಡಿ.

ನಿಮ್ಮೂರಿನ ಶಾಲೆಯವರ ಜೊತೆಗೂ ಒಂದು ಮಾತಾಡಿ. ‘ನಾನು ಡಿಪ್ಲೊಮಾ ಓದುತ್ತಿದ್ದೇನೆ. ಮೊದಲ ಎರಡು ತಿಂಗಳು ಅನುಭವಿ ಟೀಚರ್ ಜೊತೆ ಅವರ ತರಗತಿಯಲ್ಲೇ ಸಹಾಯಕಿಯಾಗಿ ಇರುತ್ತೇನೆ, ಆಮೇಲೆ ನನ್ನ ತರಗತಿ ಕೊಡಿ’ ಎಂದು ಕೇಳಿ. ಒಬ್ಬರಿಗೆ ಎಷ್ಟು ಮಕ್ಕಳು ಅಂತಲೂ ಕೇಳಿ. ಖಾಸಗಿ ಪ್ಲೇ ಸ್ಕೂಲುಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ಇದೆ, 20 ಮಕ್ಕಳಿಗೆ ಒಬ್ಬ ಶಿಕ್ಷಕಿ, ಜೊತೆಗೆ ಒಬ್ಬ ಆಯಾ ಎಂದು ಅದು ಹೇಳುತ್ತದೆ. ನಲವತ್ತು ಮಕ್ಕಳನ್ನು ಮೊದಲ ದಿನವೇ ನಿಮಗೆ ಒಪ್ಪಿಸಿ ಬಾಗಿಲು ಹಾಕುತ್ತೇವೆ ಅನ್ನುವ ಶಾಲೆಯಾದರೆ 7,000ಕ್ಕೆ ಒಪ್ಪಬೇಡಿ, ಬೇರೆ ಶಾಲೆ ಹುಡುಕಿ. ಶಾಲೆಯವರು ನಿಮ್ಮ ಮಾತಿಗೆ ಒಪ್ಪಿದರೆ, ಆ ಎರಡು ತಿಂಗಳಲ್ಲಿ ವಾರಕ್ಕೊಂದು ಸಲ ನಿಮ್ಮ ಒಂದು ಚಟುವಟಿಕೆ ನೋಡಿ ಹತ್ತು ನಿಮಿಷ ಮಾತಾಡಲು ಆ ಟೀಚರನ್ನು ಈಗಲೇ ಒಪ್ಪಿಸಿಕೊಳ್ಳಿ.